ಮೀಟರ್ ಬಾಕ್ಸಿನ ಹಿಂದೆ ಇಟ್ಟ ಪಾಸ್‌ವರ್ಡ್

ಹೊಲಕ್ಕೋ ಫ್ಯಾಕ್ಟರಿಗೋ ಹೊರಡುವಾಗ ನಮ್ಮವರು ಮನೆ ಬೀಗದಕೈ ಎಲ್ಲಿಡುತ್ತಾರೆ ಹೇಳಿ? ಕರೆಂಟ್ ಮೀಟರ್ ಬಾಕ್ಸಿನ ಹಿಂದೆ. ಬೀದಿಗೆಲ್ಲ ಗೊತ್ತು, ಮನೆಯವರು ಮಾತ್ರ ಗುಟ್ಟು ಅಂದುಕೊಂಡಿರುತ್ತಾರೆ! ಹೊಸಕೋಟೆಯ ಜಬೀನ್ ಮಾಡಿದ್ದೂ ಇದೇ ಕೆಲಸ.

ಅಣ್ಣ ಅಲ್ತಾಫನ ರಕ್ತ-ಕಫ ಪರೀಕ್ಷೆ ಲ್ಯಾಬಿನಲ್ಲಿ ಕಂಪ್ಯೂಟರ್ ಕೆಲಸವೆಲ್ಲ ಅವಳದೇ. ರಿಪೋರ್ಟ್ ಕೊಡುವ ತಂತ್ರಾಂಶ ಕಂಟೇನರಿನಲ್ಲಿ ಓಡುತ್ತಿತ್ತು. ಕಂಟೇನರ್ ಎಂದರೆ ತಂತ್ರಾಂಶಕ್ಕೆ ಬೇಕಾದದ್ದನ್ನೆಲ್ಲ ಸೇರಿಸಿ ಕಟ್ಟಿದ ಬುತ್ತಿ ಎಂದುಕೊಳ್ಳಿ. ರೋಗಿಗಳ ವಿವರವಿರುವ ಡೇಟಾಬೇಸಿನ ಪಾಸ್‌ವರ್ಡನ್ನು ಅದರ ಸೆಟ್ಟಿಂಗಿನಲ್ಲೇ ಬರೆದಿಟ್ಟಿದ್ದಳು. ಅವತ್ತು ಏನೋ ಎರರ್ ಬಂತು. ಸೆಟ್ಟಿಂಗನ್ನೆಲ್ಲ ಹಾಗೇ ಎತ್ತಿ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಹಾಕಿ, "ಯಾರಾದ್ರೂ ನೋಡ್ರಪ್ಪಾ" ಎಂದಳು.

ಅದನ್ನು ನೋಡಿದ ಗೆಳತಿ ಅರ್ಪಿತ ಸ್ಕೂಟರ್ ಹತ್ತಿ ಓಡಿಬಂದಳು. "ಪಾಸ್‌ವರ್ಡನ್ನೂ ಸೇರಿಸಿ ಹಾಕ್ಬಿಟ್ಟಿದ್ದೀಯಲ್ಲೇ!"

ಜಬೀನಳಿಗೆ ಥಟ್ಟನೆ ನೆನಪಾಯಿತು: ಪಕ್ಕದ ಬೀದಿಯ ಅಕ್ಕಯಮ್ಮನ ಕ್ಷಯದ ರಿಪೋರ್ಟ್ ಆ ಡೇಟಾಬೇಸಿನಲ್ಲೇ ಇತ್ತು. ಮಗಳ ಮದುವೆ ಮಾತುಕತೆ ನಡೀತಿದೆ, ಯಾರಿಗೂ ಗೊತ್ತಾಗಬಾರದು ಎಂದು ಆಕೆ ಕೈಹಿಡಿದು ಕೇಳಿಕೊಂಡಿದ್ದಳು. ಗಂಡಿನ ಕಡೆಯವನೊಬ್ಬ ಅದೇ ಗ್ರೂಪಿನಲ್ಲಿದ್ದ!

"ಅಳಿಸ್ಬಿಡು, ಆಯ್ತು. ಯಾರು ನೋಡ್ತಾರೆ?" ಎಂದ ಅಲ್ತಾಫ್.

"ಅಳಿಸಿದ್ರೆ ನೋಡಿದೋರು ಮರೀತಾರಾ ಭಾಯ್? ನೀವು ಮನೇಲಿ ನೋಡ್ಬೇಕು ಅಂತ ಡೇಟಾಬೇಸನ್ನ ಹೊರಗಿಂದ ತೆಗೆಯೋ ಹಂಗೆ ಇಟ್ಟಿದ್ದೀರ. ಪಾಸ್‌ವರ್ಡ್ ಮೊದ್ಲು ಬದಲಾಯಿಸ್ಬೇಕು," ಎಂದಳು ಅರ್ಪಿತ.

"ಜನ ಕಾಯ್ತಿದಾರಮ್ಮಾ, ಬದಲಾಯಿಸೋಕೆ ಅಂತ ರಿಪೋರ್ಟ್ ಕೊಡೋದನ್ನ ಈಗ ನಿಲ್ಸೋಕಾಗಲ್ಲ. ಭಾನುವಾರ ನೋಡೋಣ."

ಅಷ್ಟರಲ್ಲಿ ಅಕ್ಕಯಮ್ಮನೇ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದಳು: "ಏನಪ್ಪಾ ಅಲ್ತಾಫ್, ನನ್ ವಿಷ್ಯ ನಿಮ್ಮಲ್ಲೇ ಇದೆ ತಾನೇ?"

ಅಲ್ತಾಫ್ ಕುರ್ಚಿ ಎಳೆದು ಕೊಟ್ಟ. "ಕೂತ್ಕೊಳ್ಳಿ ಅಮ್ಮಾ" ಎಂದವನೇ ತಂಗಿಯತ್ತ ತಿರುಗಿದ. "ನಿಲ್ಸು. ಈಗ್ಲೇ ಬದಲಾಯಿಸು."

ಜಬೀನ್ ಗ್ರೂಪಿನ ಮೆಸೇಜ್ ಅಳಿಸಿ, ಪಾಸ್‌ವರ್ಡ್ ಬದಲಿಸಿ, ಹೊರಗಿನ ದಾರಿ ಮುಚ್ಚಿದಳು.

"ಹೊಸದನ್ನ ಸೆಟ್ಟಿಂಗಲ್ಲಿ ಬರೀಬೇಡ ಕಣೇ," ಅರ್ಪಿತ ಹೇಳಿದಳು. "ಬೇರೆ ಸೀಕ್ರೆಟ್ ಫೈಲಲ್ಲಿಡು. ಕಂಟೇನರಿಗೆ ಅದನ್ನ ಓದೋಕೆ ಮಾತ್ರ ಕೊಡು. ಸೆಟ್ಟಿಂಗಲ್ಲಿ ಫೈಲ್ ಎಲ್ಲಿದೆ ಅಂತಷ್ಟೇ ಇರ್ಲಿ. ಆಗ ಸೆಟ್ಟಿಂಗ್ ಯಾರಿಗೆ ತೋರಿಸಿದ್ರೂ ಪಾಸ್‌ವರ್ಡ್ ಕಾಣಲ್ಲ."

"ಆ ಫೈಲೇ ಕೈತಪ್ಪಿದ್ರೆ?" ಕೇಳಿದಳು ಜಬೀನ್.

"ಅದಕ್ಕೇ ಅದನ್ನ ಕೋಡ್ ಜೊತೆ ಎಲ್ಲೂ ಕಳಿಸ್ಬೇಡ. ಬೇರೆ ಯಾರೂ ತೆರೆಯೋಕಾಗದ ಹಂಗೆ ಬಿಗಿ ಮಾಡು."

ಆಮೇಲೆ ಡೇಟಾಬೇಸಿಗೆ ಯಾರು ಯಾರು ಬಂದುಹೋಗಿದ್ದಾರೆ ಎಂದು ಒಂದೊಂದೇ ಸಾಲು ನೋಡಿದರು. ಪುಣ್ಯಕ್ಕೆ ಹೊರಗಿನವರು ಯಾರೂ ಬಂದಿರಲಿಲ್ಲ.

ಜಬೀನ್ ಅಕ್ಕಯಮ್ಮನ ಪಕ್ಕ ಕುಳಿತು ನಡೆದದ್ದೆಲ್ಲ ಹೇಳಿದಳು. ಅಕ್ಕಯಮ್ಮ, "ನಿನ್ನ ನಂಬ್ಕೊಂಡು ಹೇಳಿದ್ದೆ ಕಣಮ್ಮಾ" ಎಂದಳು. ಜಬೀನಳಿಗೆ ಅಳು ತಡೆಯಲಾಗಲಿಲ್ಲ.

ಈ ಸಲ ಬಚಾವಾದರು. ಎಲ್ಲರೂ ಆಗುವುದಿಲ್ಲ. ಕಂಟೇನರ್ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ನಿಮ್ಮ ಸೆಟ್ಟಿಂಗ್ ತೆರೆದು ನೋಡಿ. ಪಾಸ್‌ವರ್ಡ್ ಅಲ್ಲಿ ಕಂಡರೆ ಬದಲಿಸಿ, ಸೀಕ್ರೆಟ್ ಫೈಲಿಗೆ ಹಾಕಿ. ಭಾನುವಾರಕ್ಕೆ ಕಾಯಬೇಡಿ. ನಿಮ್ಮನ್ನು ನಂಬಿದ ಅಕ್ಕಯಮ್ಮನೂ ಒಬ್ಬಳು ಎಲ್ಲೋ ಇದ್ದಾಳೆ.