ಕನ್ನಡದಲ್ಲಿ ಕೊಟ್ಟ ಅಪ್ಪಣೆ

"ನಿನ್ನೆ ಮಣ್ಣು ಮಾಡಿ, ಇವತ್ತು ಟೊಮೇಟೊ ತುಂಬೋಕೆ ಹೊರಟ್ಯಾ? ನಿಮ್ಮಲ್ಲಿ ಇದ್ದತ್ ಅಂತ ಗಂಡ ಸತ್ತೋರು ಮನೇಲಿ ಕೂರ್ತಾರಲ್ವೇನಮ್ಮಾ?"

ದಿವಾಕರ ಸೈಕಲ್ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದ. ಮಾಸ್ಕು ಗದ್ದಕ್ಕೆ ಇಳಿದಿತ್ತು. ಫಹ್ಮಿದಾಳ ಗಂಡ ಜಹೀರ್ ದುಡಿಯುತ್ತಿದ್ದ ಹಡಗಿನ ಕಂಪನಿಯಲ್ಲಿ ಆಳುಗಳ ಮ್ಯಾನೇಜರ್ ಅವನು. ಫಹ್ಮಿದಾ ಸೈಕಲ್ಲಿನ ಬೀಗ ತೆಗೆದಳು. ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು ಈ ಪರದೇಶದಲ್ಲಿ, ವೂರ್‌ಬರ್ಗ್ ಪಟ್ಟಣದಾಚೆಯ ಗಾಜಿನ ಮನೆಗಳಲ್ಲಿ ಟೊಮೇಟೊ ಆರಿಸುತ್ತಿದ್ದಳು. ಹೋಗದ ದಿನ ಕೂಲಿಯಿಲ್ಲ.

"ಇದ್ದತ್ ಕೂತ್ರ ನಿಮ್ಮ ಕಂಪನಿ ಕೂಲಿ ಕೊಡ್ತದೇನ್ರೀ?"

"ನಾಲಗೆ ಮಾತ್ರ ಚುರುಕಾಗೇ ಇದೆ. ಕೇಳಿಲ್ಲಿ. ಸಂಜೆ ನಮ್ಮನೆ ಗಾರ್ಡನ್ನಲ್ಲಿ ಜಹೀರ್‌ಗೆ ಮೆಮೋರಿಯಲ್ ಇಟ್ಟಿದ್ದೀವಿ. ಆಫೀಸಿನೋರು, ಕ್ಯಾಪ್ಟನ್, ಎಲ್ಲ ಸ್ಕ್ರೀನಲ್ಲಿ ಇರ್ತಾರೆ. ಬಿರುಗಾಳೀಲಿ ತಾನಾಗೇ ಡೆಕ್‌ಗೆ ಹೋದ, ಸ್ವಭಾವನೇ ಹಾಗೆ ಅಂತ ಎರಡು ಮಾತು ಹೇಳ್ಬಿಡು. ನೀನು ಈ ದೇಶದಲ್ಲಿರೋ ಪರ್ಮಿಟ್ ವಿಷ್ಯ ನಾನು ನೋಡ್ಕೋತೀನಿ."

"ಹೋಗು ಅಂತ ಯಾರೂ ಹೇಳಿಲ್ಲೇನು?"

"ಕ್ಯಾಪ್ಟನ್ನು ಹೋಗ್ಬೇಡ ಅಂದಿದ್ದ. ಮತ್ಯಾರು ಹೇಳ್ತಾರೆ? ಓವರ್‌ಸ್ಮಾರ್ಟ್ ಆಗೋಕೆ ಹೋದ, ಪಾಪ."

ಅವಳು ಸೈಕಲ್ ಹತ್ತಿದಳು.

ಜಹೀರ್ ಇದ್ದದ್ದು ಪೆಸಿಫಿಕ್‌ನ ಹವಳದ್ವೀಪಗಳ ನಡುವೆ ಕಡಲಡಿಗೆ ಕೇಬಲ್ ಹಾಸುವ ಹಡಗಿನಲ್ಲಿ. ಕೊರೋನ ಬಂದ ಮೇಲೆ ಯಾರನ್ನೂ ಇಳಿಸಿರಲಿಲ್ಲ. ಮಳೆಗಾಲದ ಗಾಳಿ ಒಂದು ಕಡೆಯಿಂದ, ದೂರದ ಚಂಡಮಾರುತದ ಅಲೆ ಇನ್ನೊಂದು ಕಡೆಯಿಂದ. ಜಹೀರ್ ಕೊನೆಯ ಸಲ ವಿಡಿಯೊದಲ್ಲಿ ಕಿಟಕಿಯಾಚೆ ದಡ ತೋರಿಸಿದ್ದ. "ನೋಡಲ್ಲಿ, ದೋಣಿ ಎಲ್ಲಾ ಚರ್ಚಿನ ಅಂಗಳಕ್ಕ ಎಳೀಲಿಕ್ಕ ಹತ್ಯಾರ. ತಿನ್ನೋ ಗಡ್ಡಿ-ಗೆಣಸ ಬೆಳಿಯೋ ಕುಣ್ಯಾಗ ಉಪ್ಪನೀರ ಹೊಕ್ಕದಂತ. ವರ್ಷದ ಕೂಳೇ ಹೋತು ಅವರ್ದು."

ಆಗಲೇ ಕಂಪನಿಯ ಫೋನು ಬಡಿದುಕೊಂಡಿತು. ಅವನು ಸ್ಪೀಕರ್ ಒತ್ತಿದ, ವಿಡಿಯೊ ಮುಚ್ಚಲಿಲ್ಲ. ದಿವಾಕರನ ದನಿ ಫಹ್ಮಿದಾಗೂ ಕೇಳಿಸಿತು.

"ಬೋಳಿಮಗನೇ, ಮಳೆ ಕಂಡ್ರೆ ಉಚ್ಚೆ ಹೊಯ್ಕೋತೀಯಾ? ಕ್ಯಾಪ್ಟನ್‌ಗೆ ಹೇಳ್ಬೇಡ. ಹೋಗಿ ಕೇಬಲ್ ಬಿಗಿ ಮಾಡು. ಇಲ್ಲಾಂದ್ರೆ ಹೆಂಡ್ತಿ ಸಮೇತ ಊರಿಗೆ ಪಾರ್ಸೆಲ್ ಮಾಡ್ತೀನಿ."

ಆಫೀಸಿನ ಮಾತನ್ನೆಲ್ಲ ಇಂಗ್ಲಿಷಿನಲ್ಲಿ ಆಡುವ ದಿವಾಕರ, ಇಂಥದ್ದಕ್ಕೆ ಮಾತ್ರ ಕನ್ನಡವನ್ನು ಇಟ್ಟುಕೊಂಡಿದ್ದ. ಹಡಗಿನಲ್ಲಿ ಕನ್ನಡ ಬಲ್ಲವನು ಜಹೀರ್ ಒಬ್ಬನೇ.

ಡೆಕ್ಕಿಗೆ ಹೋದವನನ್ನು ಅಲೆ ಕೇಬಲ್ ಸುತ್ತುವ ಕಬ್ಬಿಣದ ರಾಟೆಗೆ ಅಪ್ಪಳಿಸಿ ಕೊಂದಿತು. ಸೋಂಕಿನ ಭಯಕ್ಕೆ ಯಾವ ಬಂದರೂ ಹಡಗನ್ನು ಬಿಟ್ಟುಕೊಳ್ಳಲಿಲ್ಲ. ವಾರಗಟ್ಟಲೆ ಅವನು ಕೋಲ್ಡ್ ರೂಮಿನಲ್ಲಿ, ಎಲೆಕೋಸಿನ ಪಕ್ಕದಲ್ಲಿ ಮಲಗಿದ್ದ.

ಸಂಜೆ ದಿವಾಕರನ ಮನೆಯ ಗಾರ್ಡನ್ನಿನಲ್ಲಿ ಅವನ ಹೆಂಡತಿ ರುಕ್ಮಿಣಿ ಕಸದ ಡಬ್ಬಿಗಳ ಹತ್ತಿರದ ಕುರ್ಚಿ ತೋರಿಸಿದಳು. "ಅಲ್ಲಿ ಕೂತ್ಕೋಮ್ಮಾ. ರೂಲ್ಸ್ ಇದೆಯಲ್ಲಾ, ಡಿಸ್ಟೆನ್ಸು." ತಾವು ನಾಲ್ಕು ಜನ ಹೀಟರಿನ ಸುತ್ತ ಒತ್ತಿಕೊಂಡು ಕೂತಿದ್ದರು. ಮೇಜಿನ ಮೇಲೆ ಬ್ಯಾಟರಿಯ ಮೇಣದ ಬತ್ತಿ, ವೈನು, ಲ್ಯಾಪ್‌ಟಾಪು.

ಜಹೀರ್‌ಗೆ ಸಮುದ್ರವೆಂದರೆ ಪ್ರಾಣ ಎಂದು ದಿವಾಕರ ಇಂಗ್ಲಿಷಿನಲ್ಲಿ ಶುರುಮಾಡಿದ. ಕಡಲಿಲ್ಲದ ಬೀದರಿನ ಜಹೀರ್ ಹಡಗಿನಲ್ಲಿ ತಿಂಗಳುಗಟ್ಟಲೆ ಬಕೆಟ್ಟಿನಲ್ಲಿ ವಾಂತಿ ಮಾಡಿದ್ದ. ಅತಿಯಾದ ಉತ್ಸಾಹವೇ ಅವನನ್ನು ಡೆಕ್ಕಿಗೆ ಎಳೆಯಿತು ಎಂದು ಗಂಟಲು ಗದ್ಗದ ಮಾಡಿಕೊಂಡ. "ಬಾಮ್ಮಾ, ಎರಡೇ ಮಾತು."

ಫಹ್ಮಿದಾ ಎದ್ದು ಲ್ಯಾಪ್‌ಟಾಪಿನ ಮುಂದೆ ನಿಂತಳು. ಮೊದಲು ಕನ್ನಡದಲ್ಲಿ ಹೇಳಿದಳು. ಬೋಳಿಮಗನೇ ಎಂಬಲ್ಲಿಂದ ಪಾರ್ಸೆಲ್‌ವರೆಗೆ, ಒಂದಕ್ಷರ ಬಿಡದೆ, ದಿವಾಕರನದೇ ಮೈಸೂರಿನ ರಾಗದಲ್ಲಿ.

"ಏಯ್, ಏನಿದು ಅಸಹ್ಯ!" ರುಕ್ಮಿಣಿ ಗಂಡನ ಕಡೆ ತಿರುಗಿದಳು. "ರೀ, ಹೇಳ್ರೀ ಅವಳಿಗೆ."

ದಿವಾಕರ ವೈನಿನ ಲೋಟ ಕೆಳಗಿಟ್ಟ.

ಆಮೇಲೆ ಫಹ್ಮಿದಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು, ಮಕ್ಕಳಿಗೆ ಪಾಠ ಬರೆಸುವಂತೆ ನಿಧಾನವಾಗಿ. ಸ್ಕ್ರೀನಿನಲ್ಲಿ ಕ್ಯಾಪ್ಟನ್ನು ಮುಂದಕ್ಕೆ ಬಾಗಿದ.

"ಇದನ್ನು ಹೇಳಿದ್ದು ಯಾರು?"

ದಿವಾಕರ ಲ್ಯಾಪ್‌ಟಾಪ್ ಮುಚ್ಚಲು ಕೈಚಾಚಿದ. ಆ ಕೈಯ ಮೇಲೆ ಅವಳು ಚೀಲದಿಂದ ತೆಗೆದ ಹಳದಿ ರೇನ್‌ಕೋಟು ಬಿತ್ತು. ಜಹೀರ್‌ನ ಹೆಣದ ಜೊತೆ ಬಂದದ್ದು. ತೋಳನ್ನು ಭುಜದವರೆಗೆ ಕತ್ತರಿಯಲ್ಲಿ ಸೀಳಿ ಬಿಚ್ಚಿದ್ದರು. ಎದೆಯ ಮೇಲೆ ಕಂದು ಕಲೆ, ಮಡಿಕೆಗಳಲ್ಲಿ ಉಪ್ಪು.

"ನಿಮ್ದೇರಿ ಇದು," ಎಂದಳು. "ಸೈಕಲ್ ಹೊಡೀಲಿಕ್ಕಂತ ಇಸ್ಕೊಂಡಿದ್ದ, ಹಡಗಿಗೂ ಇದನ್ನ ಒಯ್ದಿದ್ದ. ಒಗದಿಲ್ಲ."