ಕರಿಯಯ್ಯನ ಹಾಲು

“ಇವತ್ತು ಬೆಳಿಗ್ಗೆಯಿಂದ ಬೇರೆ ಏನಾದರೂ ತಗೊಂಡಿದಾರಾ? ಮಾತ್ರೆ, ಪುಡಿ, ಕಷಾಯ, ಏನೇ ಆಗಲಿ, ಹೇಳಿ.”

ಡಾಕ್ಟರು ಎರಡನೇ ಸಲ ಕೇಳಿದರು. ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು. ಭಾನುವಾರದ ಮಧ್ಯಾಹ್ನ ನಂಜನಗೂಡಿನ ಆ ಸಣ್ಣ ಆಸ್ಪತ್ರೆಯಲ್ಲಿ ಅವರೊಬ್ಬರೇ ಇದ್ದರು. ಮಂಚದ ಮೇಲೆ ಪ್ರೇಮ್‌ಕುಮಾರ್ ಅಂಗೈಯಿಂದ ಎದೆ ಒತ್ತಿಕೊಂಡು ಮಲಗಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. ಅವನ ಹೆಂಡತಿ ಕೋಮಲ ಕಾಲ ಬಳಿ ನಿಂತಿದ್ದಳು.

“ನೋವು ಬಂದಾಗ ನಾಲ್ಗೆ ಕೆಳ್ಗೆ ಮಡ್ಗೋ ಮಾತ್ರೆ ಕೊಟ್ಟೆ ಮೇಡಂ, ಮೈಸೂರ್ ಡಾಕ್ಟ್ರು ಏಳಿದ್ರು. ಕೊಟ್ಟೇಟ್ಗೆ ಕಣ್ಣು ತೇಲುಸ್ಬುಟ್ರು. ಆಟೋದಲ್ಲಿ ಮಲುಗ್ಸುದ್ಮೇಲೆ ಗ್ಯಾನ ಬಂತು.”

“ಗಂಡಸರ ಶಕ್ತಿಗೆ ಅಂತ ಏನಾದರೂ ತಗೋತಿದ್ದರಾ? ನಾಚಿಕೊಳ್ಳಬೇಡಿ. ಅಂಥದ್ದು ಹೊಟ್ಟೇಲಿದ್ದರೆ ಆ ಮಾತ್ರೆ ಮತ್ತೆ ಕೊಡೋ ಹಾಗಿಲ್ಲ. ಬೀಪಿ ಪೂರ್ತಿ ಇಳಿದುಹೋಗುತ್ತೆ.”

ಕೋಮಲ ಸೆರಗನ್ನು ಬಾಯಿಗೆ ಹಿಡಿದು ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರು ಪ್ರೇಮ್‌ಕುಮಾರನ ಮುಖದ ಹತ್ತಿರ ಬಗ್ಗಿ ಅವನನ್ನೇ ಕೇಳಿದರು. ಅವನು ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿದ, ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಪಕ್ಕದ ಮನೆಯ ಮಂಚಮ್ಮನನ್ನು ನೋಡಿದ.

“ಏನಿಲ್ಲ,” ಎಂದು ಮತ್ತೆ ಕಣ್ಣು ಮುಚ್ಚಿಕೊಂಡ.

ಕೋಮಲಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮಂಚಮ್ಮನಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಕರಿಯಯ್ಯನಿಗೂ ಗೊತ್ತಿತ್ತು. ಅವಳು ಗಂಡನ ಕಡೆ ನೋಡಿದಾಗ ಅವನು ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ ಬೇಡವೆಂದು ತಲೆ ಅಲ್ಲಾಡಿಸಿದ.

ನಂಜನಗೂಡಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ಹದಿನಾರು ವರ್ಷದಿಂದ ಕರಿಯಯ್ಯನ ತಳ್ಳುಗಾಡಿ ನಿಲ್ಲುತ್ತಿತ್ತು. ಸಂಜೆ ಐದರಿಂದ ಎಂಟರವರೆಗೆ, ಫ್ಯಾಕ್ಟರಿಗಳ ಶಿಫ್ಟು ಬಿಡುವ ಹೊತ್ತಿಗೆ. ನೆಗ್ಗಿಲುಮುಳ್ಳು, ಅಶ್ವಗಂಧ, ಹಲವು ಮಕ್ಕಳ ತಾಯಿ ಬೇರು, ಗಸಗಸೆ, ನಾಲ್ಕು ಬಾದಾಮಿ; ಎಲ್ಲವನ್ನೂ ಹೆಡತಲೆಯ ಮನೆಯಲ್ಲಿ ಮಂಚಮ್ಮನೇ ಹುರಿದು, ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬುತ್ತಿದ್ದಳು. ಕರಿಯಯ್ಯ ಅದನ್ನು ಬೆಲ್ಲದ ಜೊತೆ ಬಿಸಿ ಹಾಲಿಗೆ ಕದಡಿ ಕೊಡುತ್ತಿದ್ದ. ಗಾಡಿಗೆ ‘ಪುರುಷರಿಗಾಗಿ’ ಎಂದು ಮಾತ್ರ ಬರೆಸಿದ್ದ. ಬರುವವರು ಬೈಕನ್ನು ಅಷ್ಟು ದೂರದಲ್ಲಿ ನಿಲ್ಲಿಸಿ, ರಸ್ತೆಗೆ ಬೆನ್ನು ಮಾಡಿ, ಬಾಯಿ ಸುಟ್ಟರೂ ಸರಿ ಎಂದು ಬೇಗ ಬೇಗ ಕುಡಿದು ಹೋಗುತ್ತಿದ್ದರು. ಯಾಕೆ, ಏನು ಎಂದು ಕರಿಯಯ್ಯ ಒಬ್ಬರನ್ನೂ ಕೇಳಿದವನಲ್ಲ. ಅವನ ವ್ಯಾಪಾರ ನಡೆದದ್ದೇ ಆ ಕೇಳದಿರುವ ಗುಣದಿಂದ. ಹಾಲಿನಿಂದ ಯಾರಿಗೇನು ಒಳ್ಳೆಯದಾಯಿತೋ, ಕೆಟ್ಟದ್ದಂತೂ ಆಗಿರಲಿಲ್ಲ.

ಎರಡು ವರ್ಷದ ಹಿಂದೆ ಗಿರಾಕಿಗಳು ಕರಗತೊಡಗಿದರು. ಫೋನಿನಲ್ಲಿ ಬೆರಳೊತ್ತಿದರೆ ಬಣ್ಣಬಣ್ಣದ ಡಬ್ಬಿ ಮನೆಗೇ ಬರುವಾಗ ತಳ್ಳುಗಾಡಿಯ ಮುಂದೆ ನಿಂತು ಯಾರಾದರೂ ಯಾಕೆ ಮುಖ ತೋರಿಸುತ್ತಾರೆ? ಆಗಲೇ ತಿ. ನರಸೀಪುರದ ಮದನ್ ಬಂದದ್ದು. ಔಷಧಿ ಅಂಗಡಿಗಳಿಗೆ ಮಾಲು ಹಾಕುವ ಹುಡುಗ, ಬಾಯ್ತುಂಬ ಮಾತು. ಬೂದು ಬಣ್ಣದ ಒಂದು ಪುಡಿ ಕೊಟ್ಟು, “ಇದೂ ನೆಗ್ಗಿಲ್ದೇ ಸತ್ವ ಕಣ್ ದೊಡ್ಡಪ್ಪ, ಮಿಸೀನಲ್ಲಿ ತಗ್ದಿರದು. ಒಂದು ಲೋಟಕ್ಕೆ ಚಿಟಿಕೆ ಸಾಕು,” ಎಂದ. ಹದಿನೈದೇ ದಿನದಲ್ಲಿ ಗಾಡಿಯ ಮುಂದೆ ಮತ್ತೆ ಜನ ನಿಂತರು. ಮೊದಲಿನಂತೆ ಬೆನ್ನು ತಿರುಗಿಸಿ ಅಲ್ಲ. ಕುಡಿದವರು ಗೆಳೆಯರನ್ನು ಕರೆತಂದರು.

ಒಂದು ದಿನ ಪುಡಿ ಜರಡಿ ಹಿಡಿಯುವಾಗ ಮಂಚಮ್ಮನಿಗೆ ಜರಡಿಯಲ್ಲಿ ಒಂದು ಚೂರು ಸಿಕ್ಕಿತು. ಉಗುರಿನಷ್ಟು, ನೀಲಿ, ಒಂದು ಬದಿ ನುಣ್ಣಗೆ ಬಾಗಿದ್ದು. ಬೇರಿನ ಚೂರಲ್ಲ ಅದು, ಮಾತ್ರೆಯ ಚೂರು. ಗಂಡನಿಗೆ ತೋರಿಸಿದಳು.

“ಬೇರ್‌ನಲ್ಲಿ ನೀಲಿ ಎಲ್ಲಿಂದ ಬಂದದು?”

ಕರಿಯಯ್ಯ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಒಲೆಗೆ ಹಾಕಿದ. “ನೀನು ಜರಡಿ ಇಡಿ. ಒಳ್ಗೇನದೆ ಅಂತ ನೋಡಕ್ಕೋಗ್ಬ್ಯಾಡ.”

ಅವಳು ಮತ್ತೆ ಕೇಳಲಿಲ್ಲ. ಹೆಂಚು ಹಾರಿಹೋಗಿದ್ದ ಅಡಿಗೆಮನೆಗೆ ಆ ವರ್ಷ ತಾರಸಿ ಬಂದಿತ್ತು.

ಪ್ರೇಮ್‌ಕುಮಾರ್ ಲೈನ್‌ಮನ್. ಮಳೆಗಾಳಿಗೆ ತಂತಿ ಬಿದ್ದರೆ ಸುತ್ತಲ ಊರಿಗೆಲ್ಲ ಅವನೇ ಬೇಕು. ಕಂಬ ಹತ್ತಿದರೆ ಕೆಳಗಿದ್ದ ಹುಡುಗರು ತಲೆಯೆತ್ತಿ ನೋಡುತ್ತಿದ್ದರು. ನಲವತ್ತಮೂರಕ್ಕೇ ಎದೆ ಹಿಡಿದುಕೊಂಡಿತು. ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಕಂಬ ಹತ್ತುವುದು ಬಿಡಿಸಿ ಬಿಲ್ ಕೌಂಟರಿನಲ್ಲಿ ಕೂರಿಸಿದರು. ಅಲ್ಲಿಂದ ಅವನು ಮನೆಯಲ್ಲೂ ಕೌಂಟರಿನ ಹಿಂದೆ ಕೂತವನ ಹಾಗೆಯೇ ಇರುತ್ತಿದ್ದ. ಕರಿಯಯ್ಯನಿಗೆ ಅವನೆಂದರೆ ಪ್ರೀತಿ. ಸೊಂಟಕ್ಕೆ ಉಡಿದಾರ ಕಟ್ಟಿದ್ದಾಗಿನಿಂದ ನೋಡಿದ ಹುಡುಗ.

ಆ ಭಾನುವಾರ ಬೆಳಿಗ್ಗೆ ಕೋಮಲ ಮಕ್ಕಳನ್ನು ಸೋಮನಾಥಪುರದ ತಾಯಿಯ ಮನೆಗೆ ಬಸ್ ಹತ್ತಿಸಲು ಹೋಗಿದ್ದಳು. ಪ್ರೇಮ್‌ಕುಮಾರ್ ಹಿತ್ತಲ ಬೇಲಿಯ ಹತ್ತಿರ ಬಂದು ಕರಿಯಯ್ಯನ ಜೊತೆ ಮಳೆಯ ಮಾತು, ಮೇವಿನ ಮಾತು ಆಡಿದ. ಹೋಗಲಿಲ್ಲ. ಕಡೆಗೆ ಬೇಲಿಯ ಕಡ್ಡಿ ಮುರಿಯುತ್ತಾ, “ಅಣ್ಣ, ನಿನ್ನಾಲು... ನನ್ನಂತೋರು ಕುಡಿಬೌದಾ?” ಎಂದ.

“ಅದ್ಯಾಕ್ಲಾ ಅಂಗೆ ತಲೆ ಬಗ್ಗುಸ್ಕಂಡು ಕೇಳಿಯೆ?” ಕರಿಯಯ್ಯ ನಕ್ಕು ಒಳಗೆ ಬಂದ. “ಅಮ್ಮಿ, ಪ್ರೇಮನ್ಗೆ ಒಂದ್ ಬಾಟ್ಲಿ ತುಂಬ್ಕೊಡು. ಒಸಿ ಜೋರಾಗೇ ಆಕು. ಕಾಸು ಗೀಸು ಈಸ್ಕೊಬ್ಯಾಡ.”

“ಅವ್ನಿಗೆ ಎದೆ ಸರಿಯಿಲ್ವಲ್ಲ,” ಎಂದಳು ಮಂಚಮ್ಮ.

“ಆಲು ಕುಡುದ್ರೆ ಎದೆಗೇನಾದದು?”

ಅವಳು ಹಾಲು ಕಾಸಿದಳು. ಪುಡಿಯ ಡಬ್ಬಿಯ ಮುಚ್ಚಳ ತೆಗೆದವಳು ಒಂದು ಗಳಿಗೆ ನಿಂತಳು. ಆಮೇಲೆ ಎರಡು ಚಮಚ ಹಾಕಿದಳು. ಬಾಟಲಿಯನ್ನು ಬೇಲಿಯ ಮೇಲಿಂದ ಕೊಟ್ಟಾಗ ಪ್ರೇಮ್‌ಕುಮಾರ್ ಅವಳ ಮುಖ ನೋಡಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಒಳಗೆ ಹೋದ.

ಇದಿಷ್ಟೂ ಈಗ ಆಸ್ಪತ್ರೆಯ ಗೋಡೆಗೆ ಒರಗಿ ನಿಂತ ಮಂಚಮ್ಮನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಸಾಕಾಗಿತ್ತು. ಆದರೆ ಗಂಡ ಬಾಗಿಲಲ್ಲಿದ್ದ; ಪ್ರೇಮ್‌ಕುಮಾರನೇ ಇಲ್ಲವೆಂದಿದ್ದ; ಕೋಮಲಳ ಎದುರಿಗೆ, ಮಗಳ ವಯಸ್ಸಿನ ಡಾಕ್ಟರ ಎದುರಿಗೆ ಆ ಮಾತನ್ನು ಯಾವ ಬಾಯಲ್ಲಿ ಆಡುವುದು? ಹಾಗೆಂದು ಅವಳು ಯೋಚಿಸುತ್ತಿರುವಾಗಲೇ ಪ್ರೇಮ್‌ಕುಮಾರ್ ನೋವಿಗೆ ನರಳಿದ. ಡಾಕ್ಟರು ಬೀಪಿ ನೋಡಿದರು, ಈಗ ಸರಿಯಿತ್ತು; ಇಸಿಜಿಯ ಚೀಟಿ ನೋಡಿದರು. ನರ್ಸಿಗೆ ಏನೋ ಹೇಳಿದರು. ನರ್ಸು ಅವನ ನಾಲಿಗೆಯ ಕೆಳಗೆ ಅದೇ ಮಾತ್ರೆ ಇಟ್ಟಳು.

ಐದು ನಿಮಿಷ ಆಗಿರಬಹುದು. ಪ್ರೇಮ್‌ಕುಮಾರನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತು. ಎದೆ ಒತ್ತಿಕೊಂಡಿದ್ದ ಕೈ ತಾನೇ ಜಾರಿ ಮಂಚದ ಪಕ್ಕಕ್ಕೆ ಬಿತ್ತು. ಮಿಷನ್ನು ಕೂಗತೊಡಗಿತು.

“ಕುಡ್ದವ್ನೆ!” ಮಂಚಮ್ಮ ಕಿರುಚಿದಳು. “ಕುಡ್ದವ್ನೆ ಕಣವ್ವ! ನಾನೇ ಕೊಟ್ಟಿವ್ನಿ. ಅದ್ರಲ್ಲಿ ಮಾತ್ರೆ ಅದೆ, ನೀಲಿ ಮಾತ್ರೆ...”

ಡಾಕ್ಟರು ತಿರುಗಿ ನೋಡಿದರು. “ಮೊದಲೇ ಹೇಳಬಾರದಾಗಿತ್ತಾ?” ಎಂದಷ್ಟೇ ಕೇಳಿ ಮಂಚದ ಕಾಲಿನ ಭಾಗವನ್ನು ಎತ್ತಿಸಿದರು, ಎರಡು ಕೈಗೂ ಡ್ರಿಪ್ ಹಾಕಿಸಿದರು, ಮೈಸೂರಿಗೆ ಫೋನು ಮಾಡಿದರು. ಆಂಬುಲೆನ್ಸಿನಲ್ಲಿ ಕೋಮಲ ಹತ್ತಿದಳು. ಮಂಚಮ್ಮನೂ ಹತ್ತಹೋದಾಗ ಕೋಮಲ ತಡೆಯಲಿಲ್ಲ, ಕೈಯನ್ನೂ ಕೊಡಲಿಲ್ಲ. ಅವಳು ಕೆಳಗೆ ನಿಂತಿರುವಂತೆಯೇ ಬಾಗಿಲು ಮುಚ್ಚಿತು.

ಪ್ರೇಮ್‌ಕುಮಾರ್ ಮೈಸೂರಿನ ದಾರಿಯಲ್ಲಿ ಕಡಕೊಳ ದಾಟುವುದರೊಳಗೆ ತೀರಿಹೋದ.

“ನೀನು ಬಾಯ್ಬುಡ್ದಿದ್ರೆ ಆರ್ಟ್ ಅಟ್ಯಾಕ್ ಅಂತ ಓಗಿರದು,” ಎಂದ ಕರಿಯಯ್ಯ, ಮಣ್ಣು ಮುಗಿಸಿ ಬಂದ ದಿನ. ಬಯ್ಯುವವನ ಹಾಗೆ ಹೇಳಲಿಲ್ಲ, ಸುಸ್ತಾಗಿ ಹೇಳಿದ. “ಸತ್ತೋನಂತೂ ಸತ್ತ. ಈಗ ಅವ್ನ ಮಾನವೂ ಓಯ್ತು.”

ಅದು ಸುಳ್ಳಾಗಿರಲಿಲ್ಲ. ಮಂಚಮ್ಮ ಆಸ್ಪತ್ರೆಯಲ್ಲಿ ಕಿರುಚಿದ ಮಾತು ಅವಳಿಗಿಂತ ಮುಂಚೆ ಊರು ಮುಟ್ಟಿತ್ತು. ಹೆಣ ಕೊಯ್ದರು. ಪೊಲೀಸಿನವರೊಬ್ಬರು ಬಂದು ಗಾಡಿ ನೋಡಿ, ಡಬ್ಬಿಯಲ್ಲಿದ್ದುದನ್ನು ಒಂದಿಷ್ಟು ಕಟ್ಟಿಕೊಂಡು ಹೋದರು. ಅಷ್ಟರಲ್ಲಿ ಕರಿಯಯ್ಯ ಮದನನ ಪುಡಿ ಬಚ್ಚಿಟ್ಟು, ಡಬ್ಬಿಗೆ ಹಳೆಯ ಬೇರಿನ ಪುಡಿಯನ್ನೇ ತುಂಬಿಟ್ಟಿದ್ದ. “ಬರೀ ಬೇರು, ಆಲು ಸಾ. ಹದಿನಾರು ವರ್ಸ್ದಿಂದ ಇದೇ ಕೆಲ್ಸ,” ಎಂದು ಹೇಳಿಕೆ ಕೊಟ್ಟ. ಅದೇ ಪೊಲೀಸಿನವರು ಮಂಚಮ್ಮನನ್ನೂ ಕೇಳಿದರು. ಗಾಬರಿಗೆ ಏನೋ ಅಂದೆ ಎಂದಳು. ರಿಪೋರ್ಟು ಬರಲು ತಿಂಗಳುಗಳೇ ಬೇಕು ಎಂದರು.

ಇಪ್ಪತ್ತು ದಿನ ಗಾಡಿ ನಿಂತಿತ್ತು. ಇಪ್ಪತ್ತೊಂದನೆಯ ದಿನ ಕರಿಯಯ್ಯ ಹೊರಟ. ಯಾರೂ ಬರುವುದಿಲ್ಲವೆಂದು ಮಂಚಮ್ಮ ತಿಳಿದಿದ್ದಳು. ಅವಳ ಎಣಿಕೆ ತಪ್ಪಿತು. ಏಳು ಗಂಟೆಗೆಲ್ಲ ಹಾಲು ಖಾಲಿಯಾಗಿತ್ತು. ಯಾರೋ ಬಿಳಿಗೆರೆಯಿಂದ ಬಂದಿದ್ದರಂತೆ, ಯಾರೋ ಗುಂಡ್ಲುಪೇಟೆ ಕಡೆಯವರಂತೆ.

“ಆ ಲೈನ್‌ಮನ್ನು ಕುಡ್ದಿದ್ನಲ್ಲ, ಅದೇ ಕೊಡು ಅಂತರೆ,” ಎಂದ ಕರಿಯಯ್ಯ. ತಟ್ಟೆಯ ಮುಂದೆ ಕೂತವನು ಊಟಕ್ಕೆ ಕೈ ಹಾಕಲಿಲ್ಲ. “ಪವರಿರದ್ಕೇ ಎದೆ ತಡ್ಕಳ್ನಿಲ್ಲ ಅಂತ ಮಾತಾಡ್ಕತರೆ. ನಗ್ತರೆ ಕನಮ್ಮಿ.”

“ನೀನೇನಂದೆ?”

“ಏನಂದನು. ಕೊಟ್ಟೆ.” ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ: “ಮದನ್ ಫೋನ್ ಮಾಡಿದ್ದ. ಬುಧವಾರ ಎಲ್ಡು ಪ್ಯಾಕೆಟ್ ತತ್ತಿನಿ ಅಂದ.”

ಬುಧವಾರ ಪ್ಯಾಕೆಟ್ಟು ಬಂದವು. ಗುರುವಾರ ಮಧ್ಯಾಹ್ನ ಕೋಮಲ ಬಂದಳು. ಬೇಲಿಯ ಹತ್ತಿರವಲ್ಲ, ಮುಂಬಾಗಿಲಿನಿಂದ. ಮಂಚಮ್ಮ ಒರಳಿನ ಮುಂದೆ ಕೂತಿದ್ದಳು. ಕೋಮಲ ನಿಂತುಕೊಂಡೇ ಕೇಳಿದಳು.

“ಅಕ್ಕ, ಬಾಟ್ಲಿ ತುಂಬ್ದೋಳು ನೀನೇಯ?”

“ಊ ಕಣವ್ವ.”

“ಮಾತ್ರೆ ಇರದು ಗೊತ್ತಿತ್ತಾ?”

“ಗೊತ್ತಿತ್ತು.”

ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಮಂಚಮ್ಮ ಕಾದಳು. ಕೋಮಲ ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

“ಆಪರೇಸನ್ ಆದ್ಮೇಲೆ ಒಂದೂವರೆ ವರ್ಸ ಅವ್ರು ನನ್ನ ಮುಟ್ಟಿರ್ನಿಲ್ಲ,” ಎಂದಳು. “ನಾನ್ ಯಾವತ್ತೂ ಕೇಳ್ನಿಲ್ಲ ಅಕ್ಕ. ನಂಗೆ ಬೇಕೂ ಇರ್ನಿಲ್ಲ. ಮಗ್ಲಲ್ಲಿ ಉಸುರಾಡ್ತಾವ್ರೆ ಅಂತ ಗೊತ್ತಾದ್ರೆ ಸಾಕಾಗಿತ್ತು. ಅದ್ನ ಬಾಯ್ಬುಟ್ಟು ಏಳ್ಬೇಕಾಗಿತ್ತು. ನಾಚ್ಕೆ ಆಯ್ತಿತ್ತು. ಅವ್ರು ಏನನ್ಕಂಡ್ರೋ...” ಅವಳು ಮೂಗು ಒರೆಸಿಕೊಂಡಳು. “ಈಗ ನಮ್ಮತ್ತೆ, ನಿನ್ನಾಸೆಗೆ ನನ್ ಮಗನ್ನ ತಿಂದ್ಯಲ್ಲೇ ಅಂತರೆ. ಅವ್ರ ಕೆಲ್ಸ ನಂಗೆ ಬತ್ತದೆ ಅಂತ ಆಫೀಸ್ಗೆ ಕಾಗ್ದ ಕೊಡಕ್ಕೋದ್ರೆ ಅಲ್ಲಿರೋ ಗಂಡುಸ್ರು ನನ್ ಮಕ ನೋಡಿ ಇನ್ನೊಬ್ರ ಮಕ ನೋಡ್ತರೆ. ಆ ಕೌಂಟ್ರಲ್ಲೇ ನಾನು ಕುಂತ್ಕಬೇಕು ಅಕ್ಕ. ಮೂವತ್ತೇಳು ನಂಗೆ. ಇನ್ನೆಷ್ಟು ವರ್ಸ ನೋಡಿಸ್ಕಳ್ಳಿ?”

ಒರಳಿನಲ್ಲಿ ನೆಗ್ಗಿಲುಮುಳ್ಳು ಅರೆಬರೆ ಕುಟ್ಟಿದ್ದು ಹಾಗೇ ಇತ್ತು. ಕೋಮಲಳ ಕಣ್ಣು ಅದರ ಮೇಲೆ ಬಿದ್ದು, ಅಲ್ಲಿಂದ ಗೂಡಿನಲ್ಲಿದ್ದ ಹೊಸ ಪ್ಯಾಕೆಟ್ಟುಗಳ ಮೇಲೆ ಹೋಯಿತು. ಅವಳು ಎದ್ದಳು.

“ತಡಿ,” ಎಂದಳು ಮಂಚಮ್ಮ. “ಬೆಳಗ್ಗೆ ಮೊದಲ್ನೇ ಬಸ್ಗೆ ನಾನು ಟೇಸನ್ಗೆ ಓಯ್ತಿನಿ. ಬತ್ತಿಯಾ?”

“ಎಲ್ಲಾರ್ ಮುಂದೂ ಮತ್ತೆ ಅದ್ನೇ ಏಳ್ಬೇಕಾ?”

“ನಾನೇಳ್ತಿನಿ. ನೀನು ಸುಮ್ನೆ ಕುಂತಿರು.”

ಆ ಸಂಜೆ ಕರಿಯಯ್ಯ ಗಾಡಿಗೆ ಹೊರಟಾಗ ಪುಡಿ ಕೇಳಿದ. ಕುಟ್ಟಿಲ್ಲ, ಮೈಗೆ ಹುಷಾರಿಲ್ಲ ಎಂದಳು. ಅವನು ಗೂಡಿನ ಕಡೆ ನೋಡಿದ. ಗೂಡು ಖಾಲಿಯಿತ್ತು. ಆಮೇಲೆ ಅವಳ ಕಡೆ ನೋಡಿದ, ಬಹಳ ಹೊತ್ತು. ಏನೋ ಕೇಳಲು ಬಾಯಿ ತೆರೆದವನು ಕೇಳದೆ, ಹಾಲಿನ ಕ್ಯಾನು ಎತ್ತಿಕೊಂಡು ಹೋದ.

ಸ್ಟೇಷನ್ನಿನಲ್ಲಿ ಬೆಳಿಗ್ಗೆ ಹತ್ತು ಗಂಟೆಯವರೆಗೆ ಕಾಯಬೇಕಾಯಿತು. ಮಂಚಮ್ಮ ಸೆರಗಿನೊಳಗಿಂದ ಪ್ಯಾಕೆಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ರೈಟರು ಮೂಸಿ ನೋಡಿ ಪಕ್ಕಕ್ಕೆ ಸರಿಸಿದರು. ಆವತ್ತು ಯಾಕೆ ಸುಳ್ಳು ಹೇಳಿದೆ ಎಂದು ಗದರಿದರು. ಈಗ ಹೇಳಿದರೆ ನಿನ್ನ ಮೇಲೂ ಕೇಸಾಗುತ್ತದೆ, ಗೊತ್ತಾ ಎಂದು ಕೇಳಿದರು. ಆಗ್ಲಿ ಸಾ, ಎಂದಳು. ಕೋಮಲ ಪಕ್ಕದ ಬೆಂಚಿನಲ್ಲಿ ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಿದ್ದಳು. ರೈಟರು ಹೊಸ ಹಾಳೆ ತೆಗೆದರು.

“ಹೆಸರು?”

“ಮಂಚಮ್ಮ.”

“ಊರು?”

“ಹೆಡತಲೆ.”

“ಗಂಡನ ಹೆಸರು?”

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ವೋಟು ಹಾಕುವಾಗ ಪಕ್ಕದಲ್ಲಿದ್ದ ಯಾರಾದರೂ ಅವಳ ಪರವಾಗಿ ಹೇಳಿಬಿಡುತ್ತಿದ್ದರು. ಅಭ್ಯಾಸದಿಂದ ಅವಳು ಕೋಮಲಳ ಕಡೆ ತಿರುಗಿದಳು. ಕೋಮಲ ಕಿಟಕಿಯ ಆಚೆ ನೋಡುತ್ತಿದ್ದಳು.

ಮಂಚಮ್ಮ ಹೇಳಿದಳು. ಫ್ಯಾನಿನ ಸದ್ದಿನಲ್ಲಿ ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

“ಜೋರಾಗಿ ಹೇಳಮ್ಮ,” ಎಂದರು ರೈಟರು, ಪೆನ್ನು ಹಾಳೆಯ ಮೇಲೆ ಊರಿಕೊಂಡು.

ಅವಳು ಮೇಜಿನ ಅಂಚು ಹಿಡಿದುಕೊಂಡಳು.

“ಕರಿಯಯ್ಯ,” ಎಂದಳು.