ಸದ್ದಡಗಿದ ಹದಿನೇಳು ದಿನ

ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಬೆಳಗಿನ ನಿದ್ದೆಯೇ ಅರ್ಧ ಊಟ. ನಮ್ಮ ನರ್ಸಮ್ಮನ ಆ ನಿದ್ದೆಗೇ ಸಂಚಕಾರ ಬಂದಿತ್ತು. ಆಸ್ಪತ್ರೆಯಿಂದ ಬಂದು, ಕಾಲು ತೊಳೆದು, ಇನ್ನೇನು ಹೊದಿಕೆ ಎಳೆದುಕೊಳ್ಳಬೇಕು ಅನ್ನುವಾಗ ಪಕ್ಕದ ಮನೆಯ ಬಡಗಿ ತನ್ನ ಹಳೆಯ ಕಾರು ಶುರು ಮಾಡುತ್ತಿದ್ದ. ಡಬ್ಬಕ್ಕೆ ಮೊಳೆ ತುಂಬಿ ಕುಲುಕಿದ ಹಾಗೆ ಕಟಕಟ ಸದ್ದು. ಚಳಿ ಹೆಚ್ಚಿದಷ್ಟೂ ಅದೂ ಹೆಚ್ಚುತ್ತಿತ್ತು. ಬೇಗ ಅಡಗಲಿ ಎಂದು ಅವನು ಆಕ್ಸಿಲರೇಟರ್ ಒತ್ತಿದರೆ ನರ್ಸಮ್ಮನ ಕಿಟಕಿಯ ಗಾಜು ನಡುಗುತ್ತಿತ್ತು.

ಬಡಗಿ ಒಳ್ಳೆಯ ಮನುಷ್ಯ. ಅವಳ ಮನೆಯ ಕದ ಕಚ್ಚಿಕೊಂಡರೆ ಕರೆಯದೆಯೇ ಬಂದು ಕೀಸಿ ಕೊಡುವವನು. ಕಾರಿನ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿಳಿದಿರುತ್ತದೆ, ಅದು ಮೇಲೇರುವ ತನಕ ಒಂದೆರಡು ಕ್ಷಣ ಸದ್ದು ಬರಬಹುದು. ಅರ್ಧ ನಿಮಿಷವಾದರೂ ನಿಲ್ಲದಿದ್ದರೆ ಆಯಿಲ್ ಕಡಿಮೆಯಾಗಿದೆ, ಇಲ್ಲವೇ ಒಳಗೇನೋ ಸವೆದಿದೆ, ಒಂದು ದಿನ ತಂದು ಬಿಡು ಎಂದು ಮೂಲೆಯಂಗಡಿಯ ಮೆಕ್ಯಾನಿಕ್ ಎರಡು ಸಲ ಹೇಳಿದ್ದ. ಬಡಗಿ ನಕ್ಕುಬಿಟ್ಟಿದ್ದ.

"ಬೆಳಿಗ್ಗೆ ಎದ್ದರೆ ನನ್ನ ಮೊಣಕಾಲೂ ಲಟಲಟ ಅನ್ನುತ್ತೆ. ಹಾಗಂತ ಬಿಚ್ಚಿಸಿ ನೋಡಿಸ್ತೀನಾ?"

ಕೊನೆಗೊಂದು ಬೆಳಿಗ್ಗೆ ನರ್ಸಮ್ಮ ತಡೆಯಲಾರದೆ ಗೋಡೆಯಾಚೆಗೆ ಕತ್ತು ಚಾಚಿದಳು. "ಅಣ್ಣಾ, ಹೇಗಾದ್ರೂ ಮಾಡಿ ಆ ಸದ್ದು ನಿಲ್ಲಿಸಿ. ಮೂರು ದಿನದಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ."

ಅವನಿಗೆ ನಾಚಿಕೆಯಾಯಿತು. ಆಗಲಿ ತಂಗಿ ಅಂದ. ಮರುದಿನದಿಂದ ಸದ್ದು ಕೇಳಿಸಲಿಲ್ಲ. ರಿಪೇರಿ ಮಾಡಿಸಿರಬೇಕು ಎಂದುಕೊಂಡು ನರ್ಸಮ್ಮ ಮಗುವಿನ ಹಾಗೆ ಮಲಗಿದಳು. ಹೇಗೆ ನಿಂತಿತು ಎಂದು ಕೇಳಲಿಲ್ಲ.

ಅವನು ರಿಪೇರಿ ಮಾಡಿಸಿರಲಿಲ್ಲ. ಕಾರು ನಿಲ್ಲುತ್ತಿದ್ದದ್ದು ಮನೆಗೆ ಅಂಟಿಕೊಂಡ ಕೆಲಸದ ಶೆಡ್ಡಿನಲ್ಲಿ. ಶಟರ್ ಎಳೆದು, ಎಂಜಿನ್ ಶುರು ಮಾಡಿ, ಬಿಸಿಯಾಗಲಿ ಎಂದು ಹಾಗೇ ಬಿಟ್ಟು ಅವನು ಮುಂಬಾಗಿಲ ಮೆಟ್ಟಿಲಲ್ಲಿ ಕೂತು ಉಳಿಗೆ ಸಾಣೆ ಹಿಡಿಯುತ್ತಿದ್ದ. ಶೆಡ್ಡಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಅದರ ಕೆಳಗೆ ಬೆರಳು ತೂರುವಷ್ಟು ಸಂದು. ಚಳಿಗೆಂದು ಅಡುಗೆಮನೆಯ ಕಿಟಕಿಯೂ ಮುಚ್ಚಿರುತ್ತಿತ್ತು.

ಎರಡನೆಯ ವಾರ ಬಡಗಿಯ ಹೆಂಡತಿ ಗೋಡೆಯ ಬಳಿ ಬಂದು ನಿಂತಳು. ನರ್ಸಮ್ಮನಿಗೆ ಅವಳು ಅತ್ತಿಗೆ. ಬೆಳಗಾದರೆ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಅಂಗಡಿಗೆ ಹೊರಟರೆ ದಾರಿಯಲ್ಲೇ ಕಡಿಮೆಯಾಗುತ್ತದೆ ಎಂದಳು. ಹೊರಗೆ ಬಂದರೆ ಕಡಿಮೆ: ಈ ಒಂದು ಮಾತು ಸಾಕಿತ್ತು. ಆದರೆ ನಿದ್ದೆಯಿಂದ ನರ್ಸಮ್ಮನ ಕಣ್ಣು ಎಳೆಯುತ್ತಿತ್ತು. ಬಿಪಿ ನೋಡಿಸಿ, ಕನ್ನಡಕ ಬದಲಾಯಿಸಿ ಎಂದು ಹೇಳಿ, ಎರಡು ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದಳು.

ಹದಿನೇಳನೆಯ ಬೆಳಿಗ್ಗೆ ಬಡಗಿಗೆ ಗಿರಾಕಿಯೊಬ್ಬರ ಫೋನ್ ಬಂತು. ಕಿಟಕಿ ಚೌಕಟ್ಟಿನ ಅಳತೆಯ ತಕರಾರು. ಮಾತು ಮುಗಿಯುವಾಗ ಅರ್ಧ ಗಂಟೆಯಾಗಿತ್ತು, ಶೆಡ್ಡಿನಲ್ಲಿ ಎಂಜಿನ್ ಓಡುತ್ತಲೇ ಇತ್ತು. ಒಳಗೆ ಹೋದವನ ಕೂಗಿಗೆ ನರ್ಸಮ್ಮ ಬರಿಗಾಲಲ್ಲಿ ಓಡಿ ಹೋದಳು. ಅತ್ತಿಗೆ ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು. ಹೊರಗೆ ಎಳೆದು ತಂದು, ಎದೆ ಒತ್ತಿ, ಬಾಯಿಗೆ ಉಸಿರು ಊದಿದರು. ಆಂಬುಲೆನ್ಸ್ ಬರುವ ತನಕ ನರ್ಸಮ್ಮ ಒತ್ತುತ್ತಲೇ ಇದ್ದಳು. ಅತ್ತಿಗೆಯ ಮುಖ ಮಾತ್ರ, ಈಗ ತಾನೆ ನಡೆದು ಬಂದವಳಂತೆ ಕೆಂಪಾಗಿತ್ತು. ಜೀವ ಇರಲಿಲ್ಲ.

ಡಾಕ್ಟರು ಹೇಳಿದ್ದು ನರ್ಸಮ್ಮ ಎಂದೋ ಓದಿದ್ದೇ. ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಹೊಗೆ ವಾಸನೆ ಹೊಡೆಯಬಹುದು, ಕೊಲ್ಲುವ ಆ ಗಾಳಿಗೆ ಮಾತ್ರ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪರೀಕ್ಷೆಯಲ್ಲಿ ಬಂದ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದಿದ್ದವಳು ಗೋಡೆಯ ಬಳಿ ಬಂದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿದ್ದಳು.

ಆಮೇಲೆ ಮೆಕ್ಯಾನಿಕ್ ಬಂದು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ. ತುದಿ ಮಾತ್ರ ಕರ್ರಗೆ ಒದ್ದೆಯಾಗಿತ್ತು. ಹಳೆಯದನ್ನು ಬಸಿದು, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ತುಂಬಿದ. ಒಂದು ಗಂಟೆಯ ಕೆಲಸ. ಮರುದಿನ ಬೆಳಿಗ್ಗೆ ಅವನೇ ಬಂದು, ಕಾರನ್ನು ಹೊರಗೆ ತಳ್ಳಿ ಶುರು ಮಾಡಿದಾಗ ರೆಪ್ಪೆ ಬಡಿಯುವಷ್ಟರಲ್ಲಿ ಸದ್ದು ನಿಂತಿತು. ಮೆಕ್ಯಾನಿಕ್ ಯಾರ ಮುಖವನ್ನೂ ನೋಡದೆ ಹೊರಟುಹೋದ.

ಬಡಗಿ ಒಂದು ಮಾತಾದರೂ ಬೈಯಲಿ ಎಂದು ನರ್ಸಮ್ಮ ಕಾದಳು. ಅವನು ಬೈಯಲಿಲ್ಲ. "ಪಾಪ, ಆ ಹುಡುಗಿ ನಿದ್ದೆ ಮಾಡ್ಲಿ, ಶಟರ್ ಎಳೀರಿ ಅಂತ ಹೇಳಿದ್ದೇ ನಿನ್ನ ಅತ್ತಿಗೆ" ಎಂದಷ್ಟೇ ಹೇಳಿದ. ಅದನ್ನು ಕೇಳಿದ ಮೇಲೆ ನರ್ಸಮ್ಮನಿಗೆ ಅಳುವುದಕ್ಕೂ ಹಕ್ಕಿಲ್ಲ ಅನ್ನಿಸಿತು. ಹಗಲು ಪಾಳಿಗೆ ಬದಲಾಯಿಸಿಕೊಂಡಳು. ಈಗ ರಾತ್ರಿಯೂ ನಿದ್ದೆಯಿಲ್ಲ.

ತಿಂಗಳು ಕಳೆದ ಮೇಲೆ ಅವಳು ಬೀದಿಯವರನ್ನೆಲ್ಲ ಸಂಘದ ಕೋಣೆಗೆ ಕರೆದು ನಡೆದದ್ದನ್ನು ಒಂದೂ ಬಿಡದೆ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ. ಬಾಡಿಗೆ ಕಾರಿನ ಡ್ರೈವರ್‌ಗೆ ನಂಬಿಕೆ ಬರಲಿಲ್ಲ. ಪೂರ್ತಿ ಮುಚ್ಚಿದರೆ ತಾನೆ ಅಪಾಯ, ತಾನು ಶೆಡ್ಡಿನ ಬಾಗಿಲನ್ನು ಸ್ವಲ್ಪ ತೆರೆದಿಟ್ಟಿರುತ್ತೇನೆ ಎಂದು ವಾದಿಸಿದ.

ಹಿಂದಿನ ಸಾಲಿನಲ್ಲಿ ಬಡಗಿ ಎದ್ದು ನಿಂತ. "ಹೊಗೆ ವಾಸನೆ ಬರುತ್ತೆ ಅಂದಿದ್ಲು ನನ್ನ ಹೆಂಡ್ತಿ. ಅದಕ್ಕೇ ಅವತ್ತು ಶಟರ್ ಒಂದು ಗೇಣು ಎತ್ತಿಟ್ಟಿದ್ದೆ" ಎಂದು ಹೇಳಿ ಕೂತುಬಿಟ್ಟ.

ಮಾರನೆಯ ಬೆಳಿಗ್ಗೆ ಡ್ರೈವರೂ ಅವನ ಹೆಂಡತಿಯೂ ಸೇರಿ ಕಾರನ್ನು ರಸ್ತೆಗೆ ತಳ್ಳಿ ತಂದು, ಆಮೇಲೆ ಶುರು ಮಾಡಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಳೆಯ ಗಾಡಿ ಬೆಳಿಗ್ಗೆ ಕಟಕಟ ಅಂದರೆ ಅದು ಏನೋ ಕೇಳುತ್ತಿದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಶುರು ಮಾಡುವ ಮೊದಲೇ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಕಡ್ಡಿಯ ಮೇಲಿನ ಎರಡು ಗೆರೆಗಳ ನಡುವೆ ಇರಬೇಕು. ಇದ್ದೂ ಸದ್ದು ನಿಲ್ಲದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ತಣ್ಣಗಿರುವ ಎಂಜಿನ್ನಿಗೆ ಆಕ್ಸಿಲರೇಟರ್ ಒತ್ತಿ ಹಿಂಸೆ ಕೊಡಬೇಡಿ, ನಿಧಾನವಾಗಿ ಓಡಿಸಿಕೊಂಡು ಹೋದರೆ ತಾನೇ ಬಿಸಿಯಾಗುತ್ತದೆ. ಶೆಡ್ಡಿನೊಳಗೆ, ಬಾಗಿಲು ತೆರೆದಿದ್ದರೂ, ಬಿಸಿಯಾಗಲೆಂದು ಗಾಡಿಯನ್ನು ಓಡುತ್ತ ಬಿಡಬೇಡಿ. ಮನೆಯೊಳಗೆ ಬರುವ ತಲೆನೋವು ಹೊರಗೆ ಹೋದರೆ ಇಳಿಯುತ್ತಿದ್ದರೆ, ಎಲ್ಲರನ್ನೂ ಹೊರಗೆ ಕರೆತಂದು ಡಾಕ್ಟರಿಗೆ ಆ ಮಾತನ್ನೇ ಮೊದಲು ಹೇಳಿ.

ಇನ್ನೂ ಒಂದು ಮಾತು. ಪಕ್ಕದ ಮನೆಯ ಸದ್ದು ಇದ್ದಕ್ಕಿದ್ದ ಹಾಗೆ ನಿಂತರೆ ನೆಮ್ಮದಿಯಾಗಿ ಮಲಗಬೇಡಿ. ಎದ್ದು ಹೋಗಿ, ಹೇಗೆ ನಿಂತಿತು ಎಂದು ಕೇಳಿ.